ಕಂಡವರ ಋಣ

ಬಲಿಪೂಜೆಯ ಆರಂಭದಲ್ಲಿ ನಾವು ಎದೆ ತಟ್ಟಿಕೊಂಡು ಹೇಳುವ ಪಾಪನಿವೇದನೆಯ ಪ್ರಾರ್ಥನೆಯಲ್ಲಿ ಪಾಪದ ನಾಲ್ಕು ದಾರಿಗಳನ್ನು ಹೆಸರಿಸುತ್ತೇವೆ. ಆಲೋಚನೆ, ಮಾತು, ಕೃತ್ಯ ಎಂಬ ಮೂರು ದಾರಿಗಳು ನಮಗೆ ಪರಿಚಿತ. ಆಡಿದ ಬಿರುನುಡಿ ನೆನಪಿಗೆ ಬರುತ್ತದೆ, ಎತ್ತಿದ ಕೈ ನೆನಪಿಗೆ ಬರುತ್ತದೆ. ನಾಲ್ಕನೆಯದು ಕರ್ತವ್ಯಲೋಪ. ಮಾಡಬೇಕಾಗಿದ್ದು ಮಾಡದೆ ಬಿಟ್ಟದ್ದರ ಲೆಕ್ಕವನ್ನು ಯಾರು ಇಟ್ಟಿರುತ್ತಾರೆ? ನಡೆಯದ ಸಂಗತಿಗೆ ಗುರುತು ಉಳಿಯುವುದಿಲ್ಲ. ಆದ್ದರಿಂದ ಆ ಪದವನ್ನು ನಾವು ಬೇಗನೆ ದಾಟಿಬಿಡುತ್ತೇವೆ; ಪೂಜಾಪೀಠದ ಬಳಿ ನಿಂತವನೂ ಇದಕ್ಕೆ ಹೊರತಲ್ಲ.

ಈ ನಾಲ್ಕನೆಯ ದಾರಿಯಲ್ಲಿ ವಿಶೇಷವಾಗಿ ಕಾಡುವ ಒಂದು ಬಗೆಯಿದೆ. ಇತರರಿಗೆ ತಿಳಿಯದ ಅಪಾಯವೊಂದು ನನಗೆ ತಿಳಿದಿದೆ. ಹೇಳಿದರೆ ವಿರೋಧ ಎದುರಾಗುತ್ತದೆ. ಹೇಳದಿದ್ದರೆ ನನ್ನನ್ನು ಯಾರೂ ದೂರುವುದಿಲ್ಲ. ಆಗ ಮೌನ ಪಾಪವೇ? ಹೇಳುವುದು ಕರ್ತವ್ಯವಾದರೆ ಎಷ್ಟು ಹೇಳಬೇಕು, ಯಾವ ಸ್ವರದಲ್ಲಿ ಹೇಳಬೇಕು, ಎಲ್ಲಿ ನಿಂತು ಹೇಳಬೇಕು? ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ಇವುಗಳಿಗೆ ಅಚ್ಚುಕಟ್ಟಾದ ಉತ್ತರಗಳಿದ್ದವು. ಒಬ್ಬ ಮನುಷ್ಯ ಜೀವಿಯ ಐವತ್ತು ವರ್ಷಗಳ ಬದುಕಿನಲ್ಲಿಟ್ಟು ನೋಡಿದಾಗ ಅದೇ ಉತ್ತರಗಳು ಅಷ್ಟು ಅಚ್ಚುಕಟ್ಟಾಗಿ ಕಾಣುವುದಿಲ್ಲ. ಹೀಗೆ ನೋಡಲು ನಾನು ಆರಿಸಿಕೊಂಡಿರುವುದು ಅಮೆರಿಕದ ಕಡಲ ವಿಜ್ಞಾನಿ ಜೇನ್ ಲುಬ್ಚೆಂಕೊ ಅವರ ವೃತ್ತಿಜೀವನವನ್ನು. ಅವರು ಸಂತರೆಂದು ತೋರಿಸುವುದು ನನ್ನ ಉದ್ದೇಶವಲ್ಲ. ಅವರ ಎಡವುವಿಕೆಯೂ ಈ ಕಥೆಯ ಭಾಗ. ಬಹುಶಃ ನಮಗೆ ಹೆಚ್ಚು ಪ್ರಯೋಜನಕ್ಕೆ ಬರುವ ಭಾಗ ಅದೇ.

ಅವರು ಹುಟ್ಟಿದ್ದು 1947ರಲ್ಲಿ, ಸಮುದ್ರದಿಂದ ಬಹುದೂರದಲ್ಲಿರುವ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ. ಆ ಊರು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಕಾಲೇಜಿನ ದಿನಗಳಲ್ಲಿ ಪೂರ್ವ ಕರಾವಳಿಯ ವುಡ್ಸ್ ಹೋಲ್ ಪ್ರಯೋಗಾಲಯದಲ್ಲಿ ಕಳೆದ ಒಂದು ಬೇಸಗೆ ಅವರನ್ನು ಕಡಲಿನತ್ತ ತಿರುಗಿಸಿತು. 1975ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅವರ ಆರಂಭದ ಸಂಶೋಧನೆಯ ವಸ್ತು ತಿಮಿಂಗಿಲವಲ್ಲ, ಹವಳದ ದಿಬ್ಬವೂ ಅಲ್ಲ. ಬೆರಳ ತುದಿಯಷ್ಟಿರುವ ಕಡಲ ಬಸವನಹುಳು.

ಉಬ್ಬರ ಇಳಿದ ಮೇಲೆ ಬಂಡೆಗಳ ನಡುವೆ ಚಿಕ್ಕ ಚಿಕ್ಕ ನೀರಿನ ಹೊಂಡಗಳು ಉಳಿಯುತ್ತವೆಯಷ್ಟೆ. ನ್ಯೂ ಇಂಗ್ಲೆಂಡ್ ಕರಾವಳಿಯ ಅಂಥ ಹೊಂಡಗಳಲ್ಲಿ ಕೆಲವು ಹಸಿರು ಪಾಚಿಯಿಂದ ತುಂಬಿದ್ದರೆ, ಪಕ್ಕದಲ್ಲಿಯೇ ಇದ್ದ ಬೇರೆ ಕೆಲವನ್ನು ಗಟ್ಟಿಯಾದ ಕೆಂಪು ಪಾಚಿ ಆಕ್ರಮಿಸಿತ್ತು. ಏಕೆ ಹೀಗೆ? ಲುಬ್ಚೆಂಕೊ ಒಂದು ಹೊಂಡದ ಬಸವನಹುಳುಗಳನ್ನು ಕೈಯಿಂದ ಆರಿಸಿ ತೆಗೆದು ಇನ್ನೊಂದಕ್ಕೆ ಹಾಕಿದರು. ಆಮೇಲೆ ತಿಂಗಳುಗಟ್ಟಲೆ ಕಾದರು. ಹುಳುಗಳಿಲ್ಲದ ಹೊಂಡವನ್ನು ಎಳೆಯ ಹಸಿರು ಪಾಚಿಯೊಂದೇ ನುಂಗಿಹಾಕಿತು. ಹುಳುಗಳು ಕಿಕ್ಕಿರಿದ ಹೊಂಡದಲ್ಲಿ ಅವು ತಿನ್ನಲೊಲ್ಲದ ಕೆಂಪು ಪಾಚಿ ಮಾತ್ರ ಉಳಿಯಿತು. ಹುಳುಗಳ ಸಂಖ್ಯೆ ಮಧ್ಯಮವಾಗಿದ್ದಲ್ಲಿ ಬಗೆಬಗೆಯ ಸಸ್ಯಗಳು ಕೂಡಿ ಬಾಳಿದವು. 1978ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಪರಿಸರ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಸೃಷ್ಟಿಗೆ ತನ್ನದೇ ಆದ ನಿಯಮಗಳಿವೆ, ಅವುಗಳನ್ನು ದೀನತೆಯಿಂದ ಅರಸುವವನನ್ನು ಅವನಿಗೇ ಅರಿವಿಲ್ಲದಂತೆ ದೇವರ ಕೈ ನಡೆಸುತ್ತಿರುತ್ತದೆ ಎಂಬ ಅರ್ಥದ ಮಾತು 1965ರ ಎರಡನೇ ವ್ಯಾಟಿಕನ್ ಮಹಾಸಭೆಯ ದಸ್ತಾವೇಜಿನಲ್ಲಿದೆ. ಮಂಡಿಯೂರಿ ಹುಳು ಎಣಿಸುತ್ತಿದ್ದ ಆ ತರುಣಿಯನ್ನು ನೆನೆದಾಗ ನನಗೆ ಆ ಮಾತು ನೆನಪಾಗುತ್ತದೆ.

ಇಲ್ಲಿ ಸಂಸಾರಿಗಳಿಗೆ ಆಸಕ್ತಿಯಾಗಬಹುದಾದ ಒಂದು ಸಂಗತಿಯನ್ನು ಹೇಳಿ ಮುಂದೆ ಹೋಗುತ್ತೇನೆ. ಪತಿ ಬ್ರೂಸ್ ಮೆಂಜ್ ಅವರೂ ಕಡಲ ಜೀವವಿಜ್ಞಾನಿಯೇ. ಮಕ್ಕಳನ್ನು ಬೆಳೆಸಲು ಇಬ್ಬರಿಗೂ ಸಮಯ ಬೇಕೆಂದು, 1977ರಲ್ಲಿ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಒಂದೇ ಪ್ರಾಧ್ಯಾಪಕ ಹುದ್ದೆಯನ್ನು ಎರಡು ಅರ್ಧ ಹುದ್ದೆಗಳನ್ನಾಗಿ ಮಾಡಿಸಿಕೊಂಡು ದಂಪತಿಗಳು ಹಂಚಿಕೊಂಡರು. ಅದಕ್ಕಾಗಿ ಅವರು ಹಾರ್ವರ್ಡ್‌ನಲ್ಲಿದ್ದ ಬೋಧಕ ಹುದ್ದೆಯನ್ನು ಬಿಟ್ಟರು. ಇಬ್ಬರು ಗಂಡುಮಕ್ಕಳು ಬೆಳೆಯುವವರೆಗೆ ಸುಮಾರು ಹತ್ತು ವರ್ಷ ಈ ಏರ್ಪಾಡು ನಡೆಯಿತು. ಮನೆಯ ಹೊರೆಯನ್ನು ಹೆಂಡತಿಗೇ ಬಿಟ್ಟು, ವಾರಕ್ಕೊಮ್ಮೆ ಕುಟುಂಬ ಪ್ರಾರ್ಥನೆಯ ಮಹತ್ವವನ್ನು ವಿವರಿಸುವ ಗಂಡಸರು ಇದನ್ನು ಗಮನಿಸಬೇಕು.

ಹೊಂಡಗಳಿಂದ ಅವರನ್ನು ಹೊರಗೆ ಕರೆದದ್ದು ಸಮುದ್ರದ ಸ್ಥಿತಿ. 1990ರ ದಶಕದ ಹೊತ್ತಿಗೆ ಮನುಷ್ಯನ ಕೈ ತಾಗದ ಕಡಲು ಉಳಿದಿಲ್ಲವೆಂಬುದು ವಿಜ್ಞಾನಿಗಳಿಗೆ ಸ್ಪಷ್ಟವಾಗತೊಡಗಿತ್ತು. ಕೆನಡಾದ ಪೂರ್ವ ಕರಾವಳಿಯ ಉದಾಹರಣೆಯೊಂದೇ ಸಾಕು. ನ್ಯೂಫೌಂಡ್‌ಲ್ಯಾಂಡ್‌ನ ಕಾಡ್ ಮೀನು ಐದು ಶತಮಾನಗಳ ಕಾಲ ಯುರೋಪನ್ನೂ ಅಮೆರಿಕವನ್ನೂ ಉಣಿಸಿದ ಮೀನು. ದೊಡ್ಡ ಹಡಗುಗಳ ಬಲೆಗಳಿಗೆ ಅದು ಸಿಕ್ಕಿ ಸಿಕ್ಕಿ, 1992ರ ಜುಲೈನಲ್ಲಿ ಸರ್ಕಾರ ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆಂದು ಆರಂಭವಾದ ನಿಷೇಧ ತೆರವಾದದ್ದು 32 ವರ್ಷಗಳ ನಂತರ, 2024ರಲ್ಲಿ. ಮೀನಿನ ರಾಶಿಯನ್ನು ಸರ್ಕಾರದ ಲೆಕ್ಕಗಳು 1980ರ ದಶಕದಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸುತ್ತಿದ್ದವು. ಲೆಕ್ಕದಲ್ಲಿದ್ದ ಅನುಮಾನಗಳನ್ನು ಅಧಿಕಾರಿಗಳು ಹೊರಬಿಡಲಿಲ್ಲವೆಂದು ಜೆಫ್ರಿ ಹಚಿಂಗ್ಸ್ ಮತ್ತು ಇಬ್ಬರು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆರೋಪಿಸಿದರು. ತಿಳಿದವರು ಸುಮ್ಮನಿದ್ದುದರ ಬೆಲೆಯನ್ನು ತೆತ್ತವರು ಏನೂ ತಿಳಿಯದ ಮೀನುಗಾರರು.

ಅದೇ 1997ರ ಫೆಬ್ರವರಿಯಲ್ಲಿ ಅಮೆರಿಕದ ವಿಜ್ಞಾನ ಪ್ರಗತಿ ಸಂಘದ ಅಧ್ಯಕ್ಷೆಯಾಗಿ ಲುಬ್ಚೆಂಕೊ ಸಿಯಾಟಲ್ ನಗರದಲ್ಲಿ ಭಾಷಣ ಮಾಡಿದರು. ಮರುವರ್ಷ ಅದು 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ತಿರುಳು ಇಷ್ಟು: ವಿಜ್ಞಾನಿಗಳು ಜನರ ತೆರಿಗೆಯ ಹಣದಿಂದ ಓದುತ್ತಾರೆ, ಸಂಶೋಧಿಸುತ್ತಾರೆ. ಅವರಿಗೂ ಸಮಾಜಕ್ಕೂ ನಡುವೆ ಒಂದು ಒಡಂಬಡಿಕೆಯಿದೆ. ಭೂಮಿಯ ಸ್ಥಿತಿ ಬದಲಾಗಿರುವಾಗ ಆ ಒಡಂಬಡಿಕೆಯನ್ನು ಹೊಸದಾಗಿ ಬರೆಯಬೇಕು. ಜನರಿಗೆ ಅತ್ಯಗತ್ಯವಾಗಿರುವ ಪ್ರಶ್ನೆಗಳತ್ತ ಹೊರಳಿ, ಕಂಡುಕೊಂಡದ್ದನ್ನು ಜನರಿಗೂ ಆಳುವವರಿಗೂ ತಿಳಿಯುವ ಮಾತಿನಲ್ಲಿ ಹೇಳಬೇಕು. 'ಒಡಂಬಡಿಕೆ' ಎಂಬ ಪದಕ್ಕೆ ನಮ್ಮ ಕಿವಿ ಸಹಜವಾಗಿಯೇ ಚುರುಕಾಗುತ್ತದೆ. ಅವರು ಅದನ್ನು ಧಾರ್ಮಿಕ ಅರ್ಥದಲ್ಲಿ ಬಳಸಲಿಲ್ಲ. ಆದರೆ ಪಡೆದದ್ದಕ್ಕೆ ಪ್ರತಿಯಾಗಿ ಕೊಡಬೇಕಾದ ಋಣವೊಂದಿದೆ ಎಂಬ ಅರಿವು ಅಲ್ಲಿಯೂ ಇದೆ.

ಎಲ್ಲ ವಿಜ್ಞಾನಿಗಳೂ ಇದನ್ನು ಮೆಚ್ಚಲಿಲ್ಲ. ಸಾರ್ವಜನಿಕ ವಾದದಲ್ಲಿ ಇಳಿದ ವಿಜ್ಞಾನಿ ತನ್ನ ನಿಷ್ಪಕ್ಷಪಾತವನ್ನು ಕಳೆದುಕೊಳ್ಳುತ್ತಾನೆ, ಆಮೇಲೆ ಅವನ ಅಂಕಿಅಂಶಗಳನ್ನು ಯಾರು ನಂಬಬೇಕು ಎಂಬುದು ಅವರ ಆಕ್ಷೇಪ. ಇದು ಹಗುರವಾದ ಆಕ್ಷೇಪವೇನಲ್ಲ. ಲುಬ್ಚೆಂಕೊ ಅವರ ಉತ್ತರ, ವಿಜ್ಞಾನದ ಕೆಲಸ ತಿಳಿಸುವುದು, ಆಜ್ಞಾಪಿಸುವುದಲ್ಲ ಎಂಬುದು. ಯೆಜೆಕಿಯೇಲ ಪ್ರವಾದಿಯ ಗ್ರಂಥದ 33ನೆಯ ಅಧ್ಯಾಯದ ಕಾವಲುಗಾರ ನಮಗೆ ಇಲ್ಲಿ ಸಹಾಯಕ್ಕೆ ಬರುತ್ತಾನೆ. ಶತ್ರುವಿನ ಖಡ್ಗ ಬರುವುದನ್ನು ಕಂಡೂ ಕಹಳೆ ಊದದೆ ಇದ್ದರೆ, ಸತ್ತವರ ರಕ್ತಕ್ಕೆ ಅವನೇ ಹೊಣೆ. ಊದಿದ ಮೇಲೆ ಜನರು ಕೇಳದಿದ್ದರೆ ಹೊಣೆ ಅವರದು. ಆ ಕಾವಲುಗಾರನಿಗೆ ಯುದ್ಧದ ನೇತೃತ್ವ ವಹಿಸೆಂದು ಯಾರೂ ಹೇಳಲಿಲ್ಲ. ಕಂಡದ್ದನ್ನು ಕಂಡಷ್ಟೇ ಕೂಗಿ ಹೇಳುವುದು ಅವನ ಕೆಲಸ. ಒಂದು ಖಡ್ಗವನ್ನು ಕಂಡು ಹತ್ತು ಖಡ್ಗಗಳೆಂದು ಕೂಗುವ ಅನುಮತಿಯೂ ಅವನಿಗಿಲ್ಲ. ಯೋಬನು ತನ್ನ ಸ್ನೇಹಿತರನ್ನು ಗದರಿಸಿದ್ದು ಇದಕ್ಕಾಗಿಯೇ: ದೇವರ ಪಕ್ಷ ವಹಿಸುವ ಉತ್ಸಾಹದಲ್ಲಿ ಸುಳ್ಳನ್ನು ಆಶ್ರಯಿಸುವಿರಾ ಎಂದು. ಒಳ್ಳೆಯ ಉದ್ದೇಶಕ್ಕಾಗಿ ದುಡಿಯುವವರಿಗೆ ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ನಾನು ಬೈಬಲಿನಲ್ಲಿ ಕಂಡಿಲ್ಲ.

ಹೇಳಿ ಸುಮ್ಮನಾಗಲಿಲ್ಲ ಅವರು. ವಿಜ್ಞಾನಿಗಳಿಗೆ ಜನಭಾಷೆಯಲ್ಲಿ ಮಾತನಾಡುವುದನ್ನು ಕಲಿಸುವ ತರಬೇತಿಯನ್ನು 1998ರಲ್ಲಿ ಆರಂಭಿಸಿದರು. ಲಿಯಾನ್ ಪನೆಟ್ಟಾ ಅಧ್ಯಕ್ಷತೆಯ ಪ್ಯೂ ಸಾಗರ ಆಯೋಗದ ಸದಸ್ಯರಾಗಿ, ಅಮೆರಿಕದ ಕಡಲ ನೀತಿಯನ್ನು ತಿದ್ದಬೇಕೆಂಬ 2003ರ ವರದಿಯಲ್ಲಿ ಪಾಲ್ಗೊಂಡರು. 2002ರ ಬೇಸಗೆಯಲ್ಲಿ ಆರೆಗಾನ್ ಕರಾವಳಿಯ ಮೀನುಗಾರರು ತಮ್ಮ ಬೋನುಗಳಲ್ಲಿ ಏಡಿಗಳು ಸತ್ತು ಮೇಲೆ ಬರುತ್ತಿರುವುದನ್ನು ಕಂಡರು. ಲುಬ್ಚೆಂಕೊ ಮತ್ತು ಸಂಗಡಿಗರ ತಂಡ ಪರೀಕ್ಷಿಸಿದಾಗ ತಳದ ನೀರಿನಲ್ಲಿ ಆಮ್ಲಜನಕ ತೀರ ಕುಸಿದಿತ್ತು. ಮೊದಲು ಕಹಳೆ ಊದಿದವರು ಇಲ್ಲಿ ಮೀನುಗಾರರು ಎಂಬುದನ್ನು ನಾವು ಮರೆಯಬಾರದು. ಕಾವಲು ಗೋಪುರದ ಮೇಲೆ ವಿಜ್ಞಾನಿ ಒಬ್ಬನೇ ಇರುವುದಿಲ್ಲ.

2009ರ ಮಾರ್ಚ್‌ನಲ್ಲಿ ಅವರು ಗೋಪುರದಿಂದ ಇಳಿದು ಅರಮನೆಯನ್ನು ಪ್ರವೇಶಿಸಿದರು. ಅಧ್ಯಕ್ಷ ಒಬಾಮಾ ಅವರನ್ನು ರಾಷ್ಟ್ರೀಯ ಸಾಗರ ಮತ್ತು ವಾಯುಮಂಡಲ ಆಡಳಿತದ ಮುಖ್ಯಸ್ಥರನ್ನಾಗಿ ನೇಮಿಸಿದರು. ಹವಾಮಾನ ಮುನ್ಸೂಚನೆಯಿಂದ ಮೀನುಗಾರಿಕೆಯ ನಿಯಂತ್ರಣದವರೆಗೆ ಎಲ್ಲವೂ ಆ ಸಂಸ್ಥೆಯ ಕೈಯಲ್ಲಿದೆ. ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. ಇಲ್ಲಿಂದ ಪ್ರಶ್ನೆ ಕಠಿಣವಾಗುತ್ತದೆ. ಏಕೆಂದರೆ ಹೊರಗಿದ್ದವರಿಗೆ ಸತ್ಯ ಹೇಳುವುದು ಮಾತ್ರ ಕೆಲಸ. ಒಳಗಿರುವವರು ಆ ಸತ್ಯದ ಹೊರೆಯನ್ನು ಯಾರ ಹೆಗಲ ಮೇಲೆ ಇಡಬೇಕೆಂಬುದನ್ನೂ ನಿರ್ಧರಿಸಬೇಕು.

ಮೊದಲ ಹೊರೆ ಬಿದ್ದದ್ದು ನ್ಯೂ ಇಂಗ್ಲೆಂಡಿನ ಮೀನುಗಾರರ ಹೆಗಲ ಮೇಲೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳ ಮೀನುಗಾರಿಕಾ ನಿಷೇಧ ದಿನಗಳ ಲೆಕ್ಕದ್ದು. ಅಮೆರಿಕದ ಕಾನೂನು ತೂಕದ ಲೆಕ್ಕದ್ದು. 2006ರಲ್ಲಿ ಅಲ್ಲಿನ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯ ಪ್ರಕಾರ ಪ್ರತಿಯೊಂದು ಜಾತಿಯ ಮೀನಿಗೂ ವರ್ಷಕ್ಕೆ ಇಷ್ಟೇ ಎಂಬ ಮಿತಿ ಹಾಕಿ, ಅತಿಯಾದ ಮೀನುಗಾರಿಕೆಯನ್ನು ಕೊನೆಗಾಣಿಸಬೇಕಿತ್ತು. ಆ ಮಿತಿಯನ್ನು ಮೀನುಗಾರರ ಗುಂಪುಗಳಿಗೆ ಪಾಲುಗಳನ್ನಾಗಿ ಹಂಚುವ ಪದ್ಧತಿಯನ್ನು ಲುಬ್ಚೆಂಕೊ ಬೆಂಬಲಿಸಿದರು. 2010ರ ಮೇ ತಿಂಗಳಿಂದ ನ್ಯೂ ಇಂಗ್ಲೆಂಡಿನಲ್ಲಿ ಅದು ಜಾರಿಗೆ ಬಂತು. ಗ್ಲಾಸ್ಟರ್‌ನಂಥ ಹಳೆಯ ಬಂದರುಗಳಲ್ಲಿ ಸಿಟ್ಟು ಭುಗಿಲೆದ್ದಿತು. ಪಾಲು ಚಿಕ್ಕದಾದ ದೋಣಿಯವನು ಅದನ್ನು ಮಾರಿ ಮನೆಗೆ ಹೋಗುತ್ತಾನೆ, ದೊಡ್ಡವರು ಕೊಂಡುಕೊಂಡು ಇನ್ನೂ ದೊಡ್ಡವರಾಗುತ್ತಾರೆ ಎಂಬುದು ಅವರ ಭಯ. ಕೆಲವು ಜನಪ್ರತಿನಿಧಿಗಳು ಅವರ ರಾಜೀನಾಮೆಯನ್ನೇ ಕೇಳಿದರು. 2013ರ ಜನವರಿಯಲ್ಲಿ ಮೇನ್ ಕೊಲ್ಲಿಯ ಕಾಡ್ ಮೀನಿನ ಮಿತಿಯನ್ನು ಶೇಕಡಾ 77ರಷ್ಟು ಕಡಿತಗೊಳಿಸುವ ನಿರ್ಣಯವಾಯಿತು. ಅಪ್ಪ, ಅಜ್ಜ ಮಾಡಿದ ಕಸುಬನ್ನೇ ನಂಬಿದ ಒಂದು ಕುಟುಂಬಕ್ಕೆ ಶೇಕಡಾ 77 ಎಂದರೆ ಏನೆಂಬುದನ್ನು ಲೆಕ್ಕ ಹಾಕಲು ವಿಜ್ಞಾನ ಬೇಕಿಲ್ಲ.

ಹಾಗಾದರೆ ಅವರು ಮಾಡಿದ್ದು ತಪ್ಪೇ? ಒಟ್ಟು ಫಲವನ್ನು ನೋಡಿದರೆ, 2000ದಿಂದ 2023ರ ಹೊತ್ತಿಗೆ ಅಮೆರಿಕದ ಕಡಲಿನಲ್ಲಿ 50 ಮೀನು ಸಮೂಹಗಳು ಚೇತರಿಸಿಕೊಂಡವೆಂದು ಆ ಸಂಸ್ಥೆಯ ಲೆಕ್ಕ ಹೇಳುತ್ತದೆ. ಮಿತಿಗಳಿಲ್ಲದೆ ಇದು ಸಾಧ್ಯವಿರಲಿಲ್ಲ. ಆದರೆ ಮೇನ್ ಕೊಲ್ಲಿಯ ಕಾಡ್ ಮೀನು ಮಾತ್ರ ಏಳಲಿಲ್ಲ. ಆ ಕೊಲ್ಲಿಯ ನೀರು ಬಹಳ ಬೇಗ ಬಿಸಿಯಾಗುತ್ತಿದ್ದುದನ್ನು ಮಿತಿ ಹಾಕಿದವರ ಲೆಕ್ಕ ಗಮನಕ್ಕೆ ತೆಗೆದುಕೊಂಡಿರಲಿಲ್ಲವೆಂದು 2015ರ ಸಂಶೋಧನೆಯೊಂದು ತೋರಿಸಿತು. ತ್ಯಾಗ ಮಾಡಿದವನಿಗೆ ಫಲ ಸಿಗಲಿಲ್ಲ. ಸಂತ ತೋಮಾಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಚರ್ಚಿಸುವಾಗ ಮುಂದಾಲೋಚನೆಯ ಜೊತೆಗೆ ಇತರರಿಂದ ಕಲಿಯುವ ವಿಧೇಯತೆಯನ್ನೂ ಅದರ ಅಂಗವೆಂದು ಹೇಳುತ್ತಾರೆ. ಕಡಲಿಗೆ ದಿನವೂ ಹೋಗುವವನ ಮಾತು ಕೇಳದ ನೀತಿ, ಅಂಕಿಅಂಶ ಸರಿಯಾಗಿದ್ದರೂ ವಿವೇಕದ ನೀತಿಯಾಗುವುದಿಲ್ಲ ಎಂದು ನನ್ನ ಅನಿಸಿಕೆ. ಇದನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ಅನ್ಯಾಯವಾದೀತು. ತಮ್ಮ ಸಂಸ್ಥೆಯ ಅಧಿಕಾರಿಗಳು ಮೀನುಗಾರರಿಗೆ ವಿಪರೀತ ದಂಡ ಹಾಕುತ್ತಿದ್ದಾರೆಂಬ ದೂರು ಬಂದಾಗ, 2009ರಲ್ಲಿ ಅದರ ಸ್ವತಂತ್ರ ತನಿಖೆಯಾಗಲೆಂದು ಕೇಳಿದವರು ಲುಬ್ಚೆಂಕೊ ಅವರೇ. ದೂರು ನಿಜವೆಂದು ತಿಳಿಯಿತು. 2011ರಲ್ಲಿ ಸರ್ಕಾರ ಸುಮಾರು 6.5 ಲಕ್ಷ ಡಾಲರ್ ದಂಡದ ಹಣವನ್ನು ಹಿಂದಿರುಗಿಸಿ ಕ್ಷಮೆ ಕೇಳಿತು.

ಇದಕ್ಕಿಂತ ದೊಡ್ಡ ಪರೀಕ್ಷೆ ಬಂದದ್ದು 2010ರ ಏಪ್ರಿಲ್ 20ರಂದು. ಮೆಕ್ಸಿಕೊ ಕೊಲ್ಲಿಯಲ್ಲಿ 'ಡೀಪ್‌ವಾಟರ್ ಹೊರೈಜನ್' ಎಂಬ ತೈಲ ಕೊರೆತದ ವೇದಿಕೆ ಸ್ಫೋಟಿಸಿ 11 ಮಂದಿ ಸತ್ತರು. ಕಡಲ ತಳದ ಬಾವಿಯಿಂದ 87 ದಿನಗಳ ಕಾಲ ಎಣ್ಣೆ ಚಿಮ್ಮಿತು. ಎಷ್ಟು ಚಿಮ್ಮುತ್ತಿದೆ ಎಂಬುದೇ ಎಲ್ಲರ ಪ್ರಶ್ನೆ. ಮೊದಲು ದಿನಕ್ಕೆ 1,000 ಬ್ಯಾರೆಲ್ ಎಂದರು, ಕೆಲವೇ ದಿನಗಳಲ್ಲಿ 5,000 ಎಂದರು. ಕೊನೆಗೆ ಸರ್ಕಾರದ ತಜ್ಞರೇ ಒಪ್ಪಿದ ಅಂದಾಜು, ಆರಂಭದಲ್ಲಿ ದಿನಕ್ಕೆ 62,000 ಬ್ಯಾರೆಲ್. ಕೆಟ್ಟದ್ದರಲ್ಲಿ ಕೆಟ್ಟದ್ದು ಏನಾಗಬಹುದೆಂಬ ತಮ್ಮ ಅಂದಾಜುಗಳನ್ನು ಬಹಿರಂಗಪಡಿಸಲು ಲುಬ್ಚೆಂಕೊ ಅವರ ಸಂಸ್ಥೆ ಅನುಮತಿ ಕೇಳಿತ್ತು, ಶ್ವೇತಭವನದ ಮುಂಗಡಪತ್ರ ಕಚೇರಿ ಅದನ್ನು ತಡೆಯಿತು ಎಂದು ತನಿಖಾ ಆಯೋಗದ ಸಿಬ್ಬಂದಿ ವರದಿ 2010ರ ಅಕ್ಟೋಬರ್‌ನಲ್ಲಿ ಹೇಳಿತು. ಸರ್ಕಾರಕ್ಕೆ ಪೂರ್ತಿ ಸಾಮರ್ಥ್ಯವಿಲ್ಲ, ಇಲ್ಲವೇ ಪೂರ್ತಿ ಪ್ರಾಮಾಣಿಕತೆಯಿಲ್ಲ ಎಂಬ ಭಾವನೆ ಜನರಲ್ಲಿ ಮೂಡಿತು ಎಂಬುದು ಅದೇ ವರದಿಯ ಅಭಿಪ್ರಾಯ.

ಲುಬ್ಚೆಂಕೊ ಅವರ ಕಹಳೆಯೂ ಆ ದಿನಗಳಲ್ಲಿ ಮಂದವಾಗಿಯೇ ಕೇಳಿಸಿತು. ಮೇ ತಿಂಗಳ ಮಧ್ಯದಲ್ಲಿ ವಿಶ್ವವಿದ್ಯಾಲಯಗಳ ಸಂಶೋಧಕರು ಕಡಲಾಳದಲ್ಲಿ ಎಣ್ಣೆ ಮೋಡದಂತೆ ಹರಡಿದೆ ಎಂದಾಗ, ಆ ಬಗೆಗಿನ ಮಾಧ್ಯಮ ವರದಿಗಳು ಅವಸರದವು, ದಾರಿತಪ್ಪಿಸುವಂಥವು ಎಂದು ಅವರು ಹೇಳಿಕೆ ಕೊಟ್ಟರು. ಜೂನ್‌ನಲ್ಲಿ ಅವರ ಸಂಸ್ಥೆಯೇ ಆಳದಲ್ಲಿ ಕಡಿಮೆ ಪ್ರಮಾಣದ ಎಣ್ಣೆ ಇರುವುದನ್ನು ದೃಢಪಡಿಸಬೇಕಾಯಿತು. ಹಿಂದೆ ಇತರ ವಿಜ್ಞಾನಿಗಳಿಗೆ ಧೈರ್ಯವಾಗಿ ಮಾತನಾಡಿರೆಂದು ಹೇಳಿದವರು ಇವರೇ ಅಲ್ಲವೇ ಎಂದು ಅನೇಕರು ಕೇಳಿದರು. ಖಚಿತವಾಗದ್ದನ್ನು ಹೇಳಬಾರದೆಂಬ ವಿಜ್ಞಾನಿಯ ಎಚ್ಚರ ಅದಾಗಿತ್ತೋ, ಅರಮನೆಯ ಗೋಡೆಗಳು ಕಲಿಸಿದ ಎಚ್ಚರವೋ? ಎರಡೂ ಒಂದೇ ಮನಸ್ಸಿನಲ್ಲಿ ಕೂಡಿಕೊಂಡಿರಬಹುದು. ಹಾಗೆ ಕೂಡಿಕೊಂಡಾಗ ಬೇರ್ಪಡಿಸುವುದು ಆ ವ್ಯಕ್ತಿಗೂ ಸುಲಭವಲ್ಲ. ನಾಲ್ಕು ಜನರ ಮೇಲೆ ಅಧಿಕಾರ ನಡೆಸಿದ ಯಾರಿಗೂ ಇದು ಅನುಭವವೇದ್ಯ.

ಅರಸರ ಮೊದಲನೆಯ ಗ್ರಂಥದಲ್ಲಿ ಒಬದ್ಯನೆಂಬ ಒಬ್ಬ ಸಣ್ಣ ಪಾತ್ರಧಾರಿ ಇದ್ದಾನೆ. ಪ್ರವಾದಿ ಎಲೀಯನ ತೇಜಸ್ಸಿನ ಮುಂದೆ ನಾವು ಅವನನ್ನು ಗಮನಿಸುವುದೇ ಇಲ್ಲ. ಅವನು ದುಷ್ಟ ಅರಸ ಅಹಾಬನ ಅರಮನೆಯ ಮೇಲ್ವಿಚಾರಕ. ಈಜೆಬೆಲಳು ಪ್ರಭುವಿನ ಪ್ರವಾದಿಗಳನ್ನು ಕೊಲ್ಲಿಸುತ್ತಿದ್ದಾಗ ಅವನು ನೂರು ಮಂದಿಯನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಅಡಗಿಸಿಟ್ಟು ಅನ್ನ, ನೀರು ಕೊಟ್ಟ. ತಾನು ಅರಸನೆದುರು ಕೂಗಲಿಲ್ಲ, ಕೂಗಬಲ್ಲವರನ್ನು ಉಳಿಸಿದ. ಒಳಗಿದ್ದವರು ಮಾಡಬಹುದಾದ ಒಳಿತಿಗೆ ಇದೊಂದು ಮಾದರಿ. ಒಬಾಮಾ ಅಹಾಬನೆಂದು ನಾನು ಹೇಳುತ್ತಿಲ್ಲ, ದಯವಿಟ್ಟು ಯಾರೂ ಪತ್ರ ಬರೆಯಬೇಡಿ! ಹೋಲಿಕೆ ಇರುವುದು ಇಷ್ಟರಲ್ಲಿ: 2011ರ ಡಿಸೆಂಬರ್‌ನಲ್ಲಿ ಲುಬ್ಚೆಂಕೊ ತಮ್ಮ ಸಂಸ್ಥೆಗೆ ವೈಜ್ಞಾನಿಕ ಪ್ರಾಮಾಣಿಕತೆಯ ನಿಯಮಾವಳಿಯನ್ನು ತಂದರು. ಸಂಸ್ಥೆಯ ವಿಜ್ಞಾನಿಗಳು ತಾವು ಕಂಡುಕೊಂಡದ್ದನ್ನು ಪತ್ರಿಕೆಗಳಿಗೂ ಜನರಿಗೂ ಮುಕ್ತವಾಗಿ ಹೇಳಬಹುದು. ಮೇಲಧಿಕಾರಿಗಳು ಅದನ್ನು ತಿರುಚುವಂತಿಲ್ಲ, ಅಡಗಿಸುವಂತಿಲ್ಲ. ಎಣ್ಣೆಯ ದುರಂತದ ಕಹಿ ಇನ್ನೂ ಆರದಿದ್ದ ದಿನಗಳವು.

ಅವರು ಹುದ್ದೆ ಬಿಟ್ಟು ಆರು ವರ್ಷಗಳಾದ ಮೇಲೆ, 2019ರ ಸೆಪ್ಟೆಂಬರ್‌ನಲ್ಲಿ ಆ ನಿಯಮಾವಳಿ ಕೆಲಸಕ್ಕೆ ಬಂತು. ಡೋರಿಯನ್ ಚಂಡಮಾರುತ ಅಲಬಾಮಾ ರಾಜ್ಯವನ್ನೂ ಅಪ್ಪಳಿಸಲಿದೆ ಎಂದು ಅಂದಿನ ಅಧ್ಯಕ್ಷ ಟ್ರಂಪ್ ಹೇಳಿದರು. ಇಲ್ಲ, ಅಪಾಯವಿಲ್ಲವೆಂದು ಬರ್ಮಿಂಗ್‌ಹ್ಯಾಮ್‌ನ ಹವಾಮಾನ ಕಚೇರಿಯ ನೌಕರರು ಜನರಿಗೆ ತಿಳಿಸಿದರು. ಕೆಲವು ದಿನಗಳ ನಂತರ ಮೇಲಿನ ಕಚೇರಿಯಿಂದ ಸಹಿಯಿಲ್ಲದ ಹೇಳಿಕೆಯೊಂದು ಹೊರಟು ಆ ನೌಕರರನ್ನೇ ಅಲ್ಲಗಳೆಯಿತು. ಸಂಸ್ಥೆಯ ಹಂಗಾಮಿ ಮುಖ್ಯಸ್ಥರೇ ನಿಯಮಾವಳಿಯನ್ನು ಉಲ್ಲಂಘಿಸಿದ್ದಾರೆಂದು 2020ರಲ್ಲಿ ವಿಚಾರಣೆಯ ತೀರ್ಮಾನ ಬಂತು. ಬರ್ಮಿಂಗ್‌ಹ್ಯಾಮ್‌ನ ಆ ಚಿಕ್ಕ ಕಚೇರಿಯವರಿಗೆ ಅದು ಗವಿಯಂತೆ ಆಸರೆಯಾಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಸುಂದರವಾದ ಕಥೆಯಾಗುತ್ತಿತ್ತು.

2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟವಾಯಿತು. ಸಂರಕ್ಷಿತ ಕಡಲ ಪ್ರದೇಶಗಳನ್ನು ಶೇಕಡಾ 5ರಷ್ಟು ಹೆಚ್ಚಿಸಿದರೆ ಮುಂದೆ ಮೀನಿನ ಇಳುವರಿ ಶೇಕಡಾ 20 ಅಥವಾ ಅದಕ್ಕೂ ಹೆಚ್ಚು ಏರಬಹುದು ಎಂಬುದು ಅದರ ತಿರುಳು. ಸಂರಕ್ಷಣೆ ಮತ್ತು ಆಹಾರ ಎರಡೂ ಕೈಕೈ ಹಿಡಿದು ನಡೆಯಬಲ್ಲವು ಎಂಬ ಅವರ ಜೀವನದ ಆಶಯಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿತ್ತೆ? ಆ ಲೇಖನದ ಸಂಪಾದನೆಯ ಹೊಣೆ ಹೊತ್ತವರು ಲುಬ್ಚೆಂಕೊ. ಅದರ ಲೇಖಕರಲ್ಲೊಬ್ಬರು ಅವರ ಸೋದರಿಯ ಪತಿ. ಅದೇ ಲೇಖಕರೊಡನೆ ಸಂಬಂಧಿತ ಸಂಶೋಧನೆಯಲ್ಲಿ ಅವರೂ ಪಾಲುದಾರರು. ಇಂಥ ಸಂಬಂಧವಿರುವವರು ಸಂಪಾದಕರಾಗಬಾರದೆಂಬುದು ಪತ್ರಿಕೆಯ ಸ್ಪಷ್ಟ ನಿಯಮ. ಲೇಖನದ ಅಂಕಿಅಂಶಗಳಲ್ಲಿ ದೋಷಗಳು ಹೊರಬಂದವು; 2021ರ ಅಕ್ಟೋಬರ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ಹೊತ್ತಿಗೆ ಲುಬ್ಚೆಂಕೊ ಅಧ್ಯಕ್ಷ ಬೈಡನ್ ಅವರ ಶ್ವೇತಭವನದ ವಿಜ್ಞಾನ ಕಚೇರಿಯಲ್ಲಿ ಹವಾಮಾನ ಮತ್ತು ಪರಿಸರದ ಉಪನಿರ್ದೇಶಕರಾಗಿದ್ದರು. 2022ರ ಆಗಸ್ಟ್‌ನಲ್ಲಿ ಅಕಾಡೆಮಿ ಅವರನ್ನು ಐದು ವರ್ಷಗಳ ಕಾಲ ತನ್ನ ಪ್ರಕಟಣೆಗಳಿಂದಲೂ ಚಟುವಟಿಕೆಗಳಿಂದಲೂ ಹೊರಗಿಟ್ಟಿತು. ತಾವು ತಪ್ಪು ನಿರ್ಧಾರ ಮಾಡಿದುದಾಗಿ ಒಪ್ಪಿಕೊಂಡು ಅವರು ಆ ಶಿಕ್ಷೆಯನ್ನು ಸ್ವೀಕರಿಸಿದರು.

ಆ ಮನಸ್ಸನ್ನು ತೂಗುವ ಹಕ್ಕು ನನಗಿಲ್ಲ. ಹಣಕ್ಕಾಗಿ ಅವರು ಹೀಗೆ ಮಾಡಿದರೆಂದು ಅಕಾಡೆಮಿಯೂ ಹೇಳಲಿಲ್ಲ. ನನ್ನನ್ನು ಕಾಡುವುದೇನೆಂದರೆ, ಹಾರ್ವರ್ಡ್‌ನ ದಿನಗಳಲ್ಲಿ ಹೊಂಡಕ್ಕೆ ಹುಳು ಹಾಕಿ ತಿಂಗಳುಗಟ್ಟಲೆ ಕಾದವರು, ಪ್ರಾಮಾಣಿಕತೆಯ ನಿಯಮಾವಳಿಯನ್ನು ಬರೆಸಿದವರು, ಆ ದಿನ ಆ ಲೇಖನ ತಮ್ಮ ಮೇಜಿನ ಮೇಲೆ ಬಂದಾಗ ಒಂದು ಸಾಲಿನ ಪತ್ರ ಬರೆದು ಬೇರೆಯವರಿಗೆ ಕೊಡಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮಾಡಬೇಕಾಗಿದ್ದುದನ್ನು ಮಾಡದೆ ಬಿಟ್ಟದ್ದು ಅಷ್ಟೇ. ಅದರ ಬೆಲೆ ಅವರೊಬ್ಬರಿಗೇ ನಿಲ್ಲಲಿಲ್ಲ. ಕಡಲ ಸಂರಕ್ಷಣೆಯನ್ನು ವಿರೋಧಿಸುವವರು ಇಂದಿಗೂ ಆ ಹಿಂತೆಗೆದ ಲೇಖನವನ್ನು ಎತ್ತಿ ತೋರಿಸುತ್ತಾರೆ. ಕಡಲಿನ ಅತಿಬಳಕೆಯ ಬಗ್ಗೆ 2015ರಲ್ಲಿ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬರೆದ ದಿವಂಗತ ಪೋಪ್ ಫ್ರಾನ್ಸಿಸ್ ಅವರು, ವಿಜ್ಞಾನದ ವಿವಾದಗಳನ್ನು ತೀರ್ಮಾನಿಸುವುದು ಧರ್ಮಸಭೆಯ ಕೆಲಸವಲ್ಲ, ಪ್ರಾಮಾಣಿಕವಾದ, ಮುಕ್ತವಾದ ಚರ್ಚೆ ನಡೆಯಬೇಕೆಂಬುದು ತಮ್ಮ ಕಳಕಳಿ ಎಂದು ಸ್ಪಷ್ಟಪಡಿಸಿದ್ದರು. ಆ ಚರ್ಚೆಯ ಬಾಗಿಲಲ್ಲಿ ಇಂಥ ಒಂದು ಲೋಪ ಎಷ್ಟು ಕಾಲ ಅಡ್ಡ ನಿಲ್ಲುತ್ತದೆ!

ಒಳ್ಳೆಯ ಕೆಲಸದಲ್ಲಿ ತೊಡಗಿದವರಿಗೆ ತಮ್ಮ ಬಗ್ಗೆ ಅನುಮಾನ ಬರುವುದು ಕಡಿಮೆ. ಇದನ್ನು ನಾನು ಲುಬ್ಚೆಂಕೊ ಅವರಿಂದ ಕಲಿತದ್ದಲ್ಲ. ಹಲವು ವರ್ಷಗಳ ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ಒಂದು ನಿಧಿಯಿತ್ತು. ಆ ವರ್ಷ ಐದು ಮಕ್ಕಳಿಗೆ ಸಾಕಾಗುವಷ್ಟು ಹಣ, ಅರ್ಜಿಗಳು ಹದಿನಾಲ್ಕು. ಅವುಗಳಲ್ಲೊಂದು ನನ್ನ ಚಿಕ್ಕಪ್ಪನ ಮಗನ ಮಗಳದು. ಜಾಣ ಹುಡುಗಿ, ಮನೆಯಲ್ಲಿ ನಿಜವಾದ ಕಷ್ಟ. ಪಟ್ಟಿ ಮಾಡುವ ದಿನ ಪಾಲನಾ ಸಮಿತಿಯ ಸಭೆಯಲ್ಲಿ ಅಧ್ಯಕ್ಷ ಸ್ಥಾನದಲ್ಲಿ ನಾನೇ ಕುಳಿತಿದ್ದೆ. ಒಂದು ಮಾತೂ ಅವಳ ಪರವಾಗಿ ಆಡಲಿಲ್ಲ ಎಂದು ಅನೇಕ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಡುವ ಅಗತ್ಯವೇ ಇರಲಿಲ್ಲ. ಎಲ್ಲರಿಗೂ ಸಂಬಂಧ ಗೊತ್ತಿತ್ತು, ನಾನು ಎದ್ದು ಹೊರಗೆ ಹೋಗಲಿಲ್ಲ. ಅವಳ ಹೆಸರು ನಾಲ್ಕನೆಯದಾಗಿ ಬಂತು. ಆರನೆಯ ಸ್ಥಾನದಲ್ಲಿದ್ದವನು ಒಬ್ಬ ವಿಧವೆಯ ಮಗ. ಆ ತಾಯಿ ನನ್ನನ್ನು ಏನೂ ಕೇಳಲಿಲ್ಲ. ಮುಂದಿನ ವರ್ಷ ಅವರು ಅರ್ಜಿ ಹಾಕಲಿಲ್ಲ, ನಾನೂ ಏಕೆಂದು ಕೇಳಲಿಲ್ಲ.

ನನ್ನ ಸಂಬಂಧಿಯ ಮಗಳು ಇಂದು ದಾದಿಯಾಗಿ ದುಡಿದು ತಂದೆತಾಯಿಯನ್ನು ಸಾಕುತ್ತಿದ್ದಾಳೆ. ಆ ಹುಡುಗ ಏನಾದನೆಂದು ನನಗೆ ತಿಳಿಯದು. ಆ ಸಭೆಯ ನಡಾವಳಿ ಪುಸ್ತಕ ಆ ಧರ್ಮಕೇಂದ್ರದ ಕಪಾಟಿನಲ್ಲಿ ಈಗಲೂ ಇರಬೇಕು. ಐದು ಹೆಸರುಗಳ ಕೆಳಗೆ ಇರುವುದು ನನ್ನ ಸಹಿ.